ಅಳಗುಳಿ ಮಣೆಗೆ ಪಾಲಿಶ್ ಬೇಡ, ಕಾಯಿ ಬೇಕು

ನನ್ನ ತಕರಾರು ಹಳೆಯ ಅಳಗುಳಿ ಮಣೆಯನ್ನು ಒಲೆಗೆ ಹಾಕಿದವರ ಮೇಲಲ್ಲ, ಅದನ್ನು ಉಳಿಸಿದೆವು ಎಂದು ಹೇಳಿಕೊಳ್ಳುವವರ ಮೇಲೆ. ಒಲೆಗೆ ಹಾಕಿದವರಿಗೆ ಅದು ಸೌದೆ, ಅಷ್ಟೇ. ಪರಂಪರೆಯ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮಣೆಯನ್ನು ಮರಳುಕಾಗದದಿಂದ ಉಜ್ಜಿಸಿ, ಗುಳಿಗಳನ್ನು ಮತ್ತೆ ಕೊರೆಸಿ, ಹೊಳೆಯುವ ಪಾಲಿಶ್ ಹೊಡೆಸಿ ಗೋಡೆಗೆ ನೇತುಹಾಕುವವರು ಮಾತ್ರ ತಾವು ಪುಣ್ಯದ ಕೆಲಸ ಮಾಡಿದ್ದೇವೆಂದೇ ನಂಬಿದ್ದಾರೆ. ಗೋಡೆಗೆ ನೇತುಹಾಕಿದ ಮಣೆಯಲ್ಲಿ ಕಾಯಿ ನಿಲ್ಲುತ್ತದೆಯೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸುತ್ತಮುತ್ತ ಇದು ಸಣ್ಣ ಪ್ರಶ್ನೆಯಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಹೊಲ ಸೈಟಾಯಿತು, ತೊಟ್ಟಿಮನೆಯ ಜಾಗದಲ್ಲಿ ಬಾಡಿಗೆ ಮನೆಗಳೆದ್ದವು. ಮನೆ ಕೆಡವುವ ದಿನ ಕಂಬ, ಬಾಗಿಲುವಾಡ, ಒರಳುಕಲ್ಲುಗಳ ಜೊತೆಗೆ ಅಟ್ಟದ ಮೇಲಿದ್ದ ಮಣೆಯೂ ಲಾರಿ ಹತ್ತುತ್ತದೆ. ಆಮೇಲೆ ಅದು ಕಾಣಿಸುವುದು ಯಾವುದೋ ರೆಸಾರ್ಟಿನ ಸ್ವಾಗತ ಕೊಠಡಿಯಲ್ಲಿ. ಅಂಥ ಒಂದು ಕಡೆ ಗುಳಿಗಳ ತುಂಬ ಮೇಣದ ದೀಪ ಹಚ್ಚಿಟ್ಟಿದ್ದನ್ನು ನೋಡಿದ್ದೇನೆ. ಹದಿನಾಲ್ಕು ಗುಳಿ, ಹದಿನಾಲ್ಕು ದೀಪ. ನೋಡಲು ಚೆಂದವಾಗಿಯೇ ಇತ್ತು.

ಮಣೆ ಅಂದರೆ ಏನೆಂದು ಮೊದಲು ನೋಡೋಣ. ಒಂದೇ ಮರದ ತುಂಡು, ಹೆಚ್ಚಾಗಿ ಹಲಸು ಅಥವಾ ತೇಗ. ಎದುರುಬದುರು ಏಳೇಳು ಗುಳಿ. ಕೆಲವು ಮಣೆಗಳಲ್ಲಿ ಗೆದ್ದ ಕಾಯಿ ಹಾಕಿಕೊಳ್ಳಲು ಎರಡು ತುದಿಗಳಲ್ಲಿ ಒಂದೊಂದು ದೊಡ್ಡ ಗುಳಿ. ಕೆಲವು ನಡುವೆ ಕೀಲಿಟ್ಟು ಮಡಿಚುವಂಥವು. ಗುಳಿ ಆಳವಾಗಿರುವುದಿಲ್ಲ, ಬೆರಳುಗಳನ್ನು ಒಮ್ಮೆ ಬಳಿದರೆ ಕಾಯಿಯೆಲ್ಲ ಕೈಗೆ ಬರುವಷ್ಟು ಮಾತ್ರ. ಕೈಯಲ್ಲಿ ಮಾಡಿದ್ದಾದ್ದರಿಂದ ಒಂದು ಗುಳಿಯಂತೆ ಇನ್ನೊಂದಿಲ್ಲ. ಉಳಿಯ ಏಟು ತಳದಲ್ಲಿ ಕಾಣುತ್ತದೆ. ಅಂಚು ಮಾತ್ರ ನುಣ್ಣಗಿರುತ್ತದೆ. ಆ ನುಣುಪು ಬಡಗಿ ಕೊಟ್ಟದ್ದಲ್ಲ, ಆಡಿದವರ ಬೆರಳು ಕೊಟ್ಟದ್ದು. ಮರಳುಕಾಗದ ಮೊದಲು ತಿನ್ನುವುದು ಇದನ್ನೇ. ಒಂದು ಮಧ್ಯಾಹ್ನದ ಉಜ್ಜಾಟದಲ್ಲಿ ಎರಡು ಮೂರು ತಲೆಮಾರಿನ ಗುರುತು ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಇದಕ್ಕೆ ನಾವು ಜೀರ್ಣೋದ್ಧಾರ ಎಂದು ಹೆಸರಿಟ್ಟಿದ್ದೇವೆ.

ಹಾಗಾದರೆ ರಿಪೇರಿಯೇ ಬೇಡವೇ? ಬೇಕು. ಆದರೆ ಪ್ರತಿ ಹೆಜ್ಜೆಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಟಕ್ಕೆ ಅಡ್ಡಿಯೇ? ಕಾಯಿ ಜಾರಿ ಬೀಳದ ಸೀಳನ್ನು ಹಾಗೇ ಬಿಡಿ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗಟ್ಟಿಯಾದ ಅಂಟು ತುಂಬಿ ಕಟ್ಟಿಹಾಕಿದರೆ ಪಕ್ಕದಲ್ಲಿ ಹೊಸ ಸೀಳು ಬಿಡಬಹುದು. ಕಾಯಿ ಬೀಳುವಷ್ಟು ಅಗಲವಾಗಿದ್ದರೆ ಅದೇ ಜಾತಿಯ ಮರದ ತೆಳು ಚಕ್ಕೆಯನ್ನು ಎಳೆಯ ದಿಕ್ಕಿಗೇ ಕೂರಿಸಬೇಕು. ತುಕ್ಕು ಹಿಡಿದ ಕಬ್ಬಿಣದ ಮೊಳೆಯಿದ್ದರೆ ಹುಷಾರಾಗಿ ತೆಗೆದು ಹಿತ್ತಾಳೆಯದು ಹಾಕಬೇಕು. ಕೊಳೆಗೆ ಒಣ ಬ್ರಷ್ಷು, ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಸಾಕು. ತೊಳೆದು ಬಿಸಿಲಿಗಿಟ್ಟರೆ ಕೆಟ್ಟಿತು. ತೆಂಗಿನೆಣ್ಣೆ ಒಣಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಬೇಕೇ ಬೇಕೆಂದರೆ ಒಣಗುವ ಗುಣದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒರೆಸಬೇಕು. ಹುಳು ಹಿಡಿದು ಹಿಟ್ಟು ಉದುರುತ್ತಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಕೊರೆಯುವ ಶೀತದಲ್ಲಿಡುವ ಕ್ರಮ ಸಂಗ್ರಹಾಲಯಗಳಲ್ಲಿದೆ. ಇಷ್ಟರಲ್ಲಿ ಎಲ್ಲಿಯೂ ಪಾಲಿಶ್‌ಗೆ ಜಾಗವಿಲ್ಲ.

'ಏನೋ ಒಂದು, ಉಳಿಯಿತಲ್ಲ. ಗೋಡೆಯ ಮೇಲಾದರೂ ಮಕ್ಕಳು ನೋಡುತ್ತಾರೆ' ಅನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಒಲೆಗಿಂತ ಗೋಡೆ ಮೇಲೇ. ಆದರೆ ನೋಡಿದ ಮಗುವಿಗೆ ಸಿಗುವುದೇನು? ಎರಡು ಸಾಲು ತಗ್ಗಿರುವ ಒಂದು ಹಲಗೆ. ಗುಳಿಗೆ ನಾಲ್ಕು ಕಾಯಿಯೇ, ಐದೇ? ನಾಲ್ಕಾದರೆ ಒಟ್ಟು 56, ಐದಾದರೆ 70. ಕೈಯ ಕಾಯಿ ಮುಗಿದ ಮೇಲೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಹಂಚುತ್ತ ಹೋಗುವುದು, ಮುಂದಿನದು ಬರಿದಾಗಿದ್ದರೆ ಅದರಾಚೆಯದನ್ನು ಗೆಲ್ಲುವುದು, ಗುಳಿಯಲ್ಲಿ ನಾಲ್ಕು ಕೂಡಿದೊಡನೆ ಎತ್ತಿಕೊಳ್ಳುವುದು, ಸೋತವರು ತುಂಬಿಸಲಾಗದ ಗುಳಿಯನ್ನು ಮುಂದಿನ ಆಟಕ್ಕೆ ಮುಚ್ಚಿಬಿಡುವುದು, ಇವೆಲ್ಲ ಮರದ ಮೇಲೆ ಬರೆದಿಲ್ಲ. ಊರಿಂದೂರಿಗೆ, ಎಷ್ಟೋ ಸಲ ಮನೆಯಿಂದ ಮನೆಗೆ ಬದಲಾಗುವ ಈ ಕಟ್ಟಳೆಗಳು ಇರುವುದು ಅಜ್ಜಿಯರ ಬಾಯಲ್ಲಿ, ಕೈಯಲ್ಲಿ. ಮರ ಇನ್ನೂ ನೂರು ವರ್ಷ ಬಾಳೀತು. ಅಜ್ಜಿಯರಿಗೆ ಅಷ್ಟು ವ್ಯವಧಾನವಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಅವರ ಆಟಗಳು ಜಗನ್ಮೋಹನ ಅರಮನೆಯ ಗೋಡೆಯ ಮೇಲಿವೆ. ಅವರ ಕಾಲದ ಗಂಜೀಫಾ ಎಲೆಗಳನ್ನು ರಘುಪತಿ ಭಟ್ಟರಂಥ ಕಲಾವಿದರು ಮತ್ತೆ ಬರೆದರು. ಸಂತೋಷ. ಅಳಗುಳಿ ಮಣೆ ಮಾತ್ರ ಹೆಚ್ಚಾಗಿ ಹೆಂಗಸರ, ಮಕ್ಕಳ ಆಟ. ಅಡುಗೆ ಪಾತ್ರೆ ಮುಗಿಸಿದ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹುಣಸೆಬೀಜ ಎಣಿಸುತ್ತಿದ್ದವರ ಲೆಕ್ಕಾಚಾರ ನಮಗೆ ವಿದ್ಯೆಯಾಗಿ ಕಾಣಲಿಲ್ಲ, ಹೊತ್ತು ಕಳೆಯುವುದಾಗಿ ಕಂಡಿತು. ಹಾಗಾಗಿಯೇ ಅದರ ಮಣೆ ಅಲಂಕಾರವಾಯಿತು, ಆಟ ಯಾರಿಗೂ ಬೇಡವಾಯಿತು. ಇದೇ ಬಳಗದ ಆಟಗಳನ್ನು ಕಜಕಿಸ್ತಾನ, ಕಿರ್ಗಿಸ್ತಾನ, ಟರ್ಕಿಗಳು ಒಟ್ಟಾಗಿ ಮುಂದಿಟ್ಟು 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದವು. ಅಲ್ಲಿ ಪರಂಪರೆ ಎಂದು ಮನ್ನಿಸಿದ್ದು ಹಲಗೆಯೊಂದನ್ನೇ ಅಲ್ಲ, ಆಡುವುದನ್ನು ಮತ್ತು ಕಲಿಸುವುದನ್ನು. ಅಷ್ಟು ದೂರ ಯಾಕೆ, ತುಳುನಾಡಿನಲ್ಲಿ ಇದೇ ಆಟ ಚೆನ್ನೆಮಣೆಯಾಗಿ ಆಟಿ ತಿಂಗಳ ಕೂಟಗಳಲ್ಲಿ ಇಂದಿಗೂ ನಡೆಯುತ್ತದೆ. ಆಡುವವರಿದ್ದಾಗ ಮಣೆ ಮಾಡುವವನಿಗೂ ಕೆಲಸ ಸಿಗುತ್ತದೆ.

ನಿಮ್ಮ ಅಟ್ಟದಲ್ಲಿ ಮಣೆಯಿದ್ದರೆ ಬಡಗಿಯನ್ನು ಆಮೇಲೆ ಕರೆಯಿರಿ, ಮೊದಲು ಮನೆಯ ಹಿರಿಯರನ್ನು ಕೂರಿಸಿ. ಅವರು ಆಡಿ ತೋರಿಸಲಿ, ನೀವು ಕಟ್ಟಳೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಯಾವ ಊರು, ಯಾರ ಮನೆಯ ಕ್ರಮ ಎಂಬುದನ್ನೂ ಸೇರಿಸಿ. ಆ ಹಾಳೆ ಮಣೆಯ ಜೊತೆಗೇ ಇರಲಿ. ಮನೆ ಮಾರುವುದೇ ಆದರೆ ಮಣೆಯನ್ನು ಲಾರಿಗೆ ಹಾಕಬೇಡಿ, ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ, ಒಂದು ಬಟ್ಟಲು ಹುಣಸೆಬೀಜದ ಸಮೇತ. ಮಕ್ಕಳ ಕೈಯಲ್ಲಿ ಅದು ಸವೆಯುತ್ತದೆ, ಗೀರು ಬೀಳುತ್ತದೆ, ಒಂದು ದಿನ ಮುರಿಯಲೂಬಹುದು. ಮುರಿಯಲಿ. ಆಟ ಕಲಿತವರು ಇನ್ನೊಂದು ಮಣೆ ಮಾಡಿಸಿಕೊಳ್ಳುತ್ತಾರೆ. ಅಷ್ಟರವರೆಗೆ ಮಣ್ಣಿನಲ್ಲಿ ಹದಿನಾಲ್ಕು ಗುಳಿ ತೋಡಿಕೊಂಡಾದರೂ ಆಡುತ್ತಾರೆ.