ಬೆವರಿಗೊಂದು ನ್ಯಾಯ

ನಮ್ಮ ಕರಾವಳಿಯ ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಮೂವರು ಹುಡುಗಿಯರು ನನ್ನ ಬಳಿ ಬಂದರು. "ಟೀಚರ್, ಅವಳ ಹತ್ತಿರ ನಾವು ಕೂರುವುದಿಲ್ಲ, ಒಣಮೀನಿನ ವಾಸನೆ" ಎಂದರು. ನಾನು ಮಾಡಿದ್ದೇನು ಗೊತ್ತೇ? ಆ ಹುಡುಗಿಯನ್ನು ಕಿಟಕಿಯ ಪಕ್ಕದ ಕೊನೆಯ ಬೆಂಚಿಗೆ ಕಳಿಸಿದೆ. "ಅಲ್ಲಿ ಗಾಳಿ ಚೆನ್ನಾಗಿದೆ ಮಗಾ" ಎಂದೆ. ಅವಳು ಮಾತಾಡದೆ ಚೀಲ ಎತ್ತಿಕೊಂಡು ಹೋದಳು. ದಿನಾ ಬೆಳಿಗ್ಗೆ ತಾಯಿಯ ಮೀನುಬುಟ್ಟಿಯನ್ನು ಬಸ್ಸಿಗೇರಿಸಿಯೇ ಅವಳು ಶಾಲೆಗೆ ಬರುತ್ತಿದ್ದಳೆಂದು ಆಮೇಲೆ ತಿಳಿಯಿತು. ಅವಳಿಗಿದ್ದದ್ದು ಒಂದೇ ಜೊತೆ ಸಮವಸ್ತ್ರ, ಅದೂ ಪಾಲಿಯೆಸ್ಟರಿನದು.

ನಾವು ಹೆಂಗಸರು ವಾಸನೆಯನ್ನು ಗುಣದ ಜೊತೆ, ಜಾತಿಯ ಜೊತೆ ಗಂಟು ಹಾಕಿಬಿಟ್ಟಿದ್ದೇವೆ. ವಿಜ್ಞಾನ ಹೇಳುವುದು ಬೇರೆ. ಆಗಷ್ಟೇ ಸುರಿದ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬೇಕು. ಪ್ರಾಯಕ್ಕೆ ಬಂದಾಗ ಕಂಕುಳಿನ ಕೆಲವು ಗ್ರಂಥಿಗಳು ಕೆಲಸ ಶುರುಮಾಡುತ್ತವೆ. ಅವುಗಳ ಜಿಡ್ಡುಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಗಳು ಒಡೆದಾಗ ವಾಸನೆ ಏಳುತ್ತದೆ. ಹತ್ತಿಬಟ್ಟೆಗಿಂತ ಪಾಲಿಯೆಸ್ಟರ್ ಅದನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿ ಮಡಿಯವರು, ಮೈಲಿಗೆಯವರು ಎಂಬ ಭೇದವೆಲ್ಲಿ?

"ಅವರು ತಿನ್ನುವುದೇ ಹಾಗೆ" ಎನ್ನುವವರಿಗೂ ಒಂದು ಮಾತು. 2016ರಲ್ಲಿ ಪ್ರಕಟವಾದ ಜೆಕ್ ದೇಶದ ಪರೀಕ್ಷೆಯೊಂದರಲ್ಲಿ ಗಂಡಸರ ಬೆವರನ್ನು ಹೆಂಗಸರಿಗೆ ಮೂಸಲು ಕೊಟ್ಟರು. 12 ಗ್ರಾಂ ಬೆಳ್ಳುಳ್ಳಿ ತಿಂದಾಗಿನ ಬೆವರೇ ಅವರಿಗೆ ಹೆಚ್ಚು ಹಿತವೆನಿಸಿತು! ಬಾಯಿ ನಾರಬಹುದು, ಅದು ಬೇರೆ ಮಾತು. ಮಾಂಸ ಬಿಟ್ಟಾಗಿನ ಬೆವರು ಹೆಚ್ಚು ಹಿತವೆಂದು 2006ರಲ್ಲಿ ಅದೇ ದೇಶದ ಇನ್ನೊಂದು ಪರೀಕ್ಷೆ ಹೇಳಿದ್ದೂ ನಿಜ. ಆದರೆ ಬೆವರು ಕೊಟ್ಟವರು 17 ಗಂಡಸರು. ಹದಿನೇಳು ಜನರ ಕಂಕುಳನ್ನು ನಂಬಿ ಊರಿನ ಪಂಕ್ತಿ ಬೇರೆ ಮಾಡಲಾದೀತೇ?

ಈ ನಾಚಿಕೆಯಿಂದ ಲಾಭ ಮಾಡಿಕೊಳ್ಳುವವರೂ ಇದ್ದಾರೆ. 1919ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದರಲ್ಲಿ ಓಡೊರೊನೊ ಎಂಬ ಬೆವರುನಿರೋಧಕದ ಜಾಹೀರಾತು ಬಂತು. ನಿನ್ನ ಮೈ ವಾಸನೆ ನಿನಗೇ ತಿಳಿಯುವುದಿಲ್ಲ, ಗಂಡಸರಿಗೆ ತಿಳಿಯುತ್ತದೆ ಎಂಬುದು ಅದರ ಧಾಟಿ. ಸುಮಾರು 200 ಓದುಗರು ಸಿಟ್ಟಿನಿಂದ ಚಂದಾ ನಿಲ್ಲಿಸಿದರಂತೆ. ಮಾರಾಟ ಮಾತ್ರ ಒಂದೇ ವರ್ಷದಲ್ಲಿ ದುಪ್ಪಟ್ಟು ದಾಟಿತು. ಇಂದಿನ ಜಾಹೀರಾತುಗಳು ಹೆದರಿಸುವುದೂ ಅದೇ ಹೆದರಿಕೆಯಿಂದ. ಹೆಣ್ಣು ನೋಡಲು ಬರುವ ಗಂಡಿನ ಬಾಯಲ್ಲಿ ಸಿಗರೇಟಿನ ನಾತವಿದ್ದರೆ "ಗಂಡಸಲ್ಲವೇ" ಎನ್ನುತ್ತೇವೆ. ಹುಡುಗಿಯ ಜಡೆಗೆ ಮಾತ್ರ ಎರಡು ಮೊಳ ಮಲ್ಲಿಗೆ ಸಾಲದು.

ಶುಚಿತ್ವ ಬೇಡವೆಂದು ನಾನು ಹೇಳುತ್ತಿಲ್ಲ. ದಿನಾ ಸ್ನಾನ, ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ ಎಲ್ಲರಿಗೂ ಬೇಕು. ಅದಕ್ಕೆ ಮೊದಲು ನೀರು ಬೇಕು, ಸೋಪು ಬೇಕು, ಬದಲಿಸಲು ಇನ್ನೊಂದು ಜೊತೆ ಬೇಕು. ಇವನ್ನು ಕೊಡದೆ ಮೂಗು ಮುಚ್ಚಿಕೊಳ್ಳುವ ಹಕ್ಕು ನಮಗೆ ಯಾರು ಕೊಟ್ಟರು? ಶಾಲೆಯ ಸಭೆಗೆ ಹೋದಾಗ ಹುಡುಗಿಯರ ಶೌಚಾಲಯದ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿ, ತಾಯಂದಿರೇ. ನೀರು ಬರದಿದ್ದರೆ ಅಲ್ಲೇ ಜಗಳ ತೆಗೆಯಿರಿ.

ಒಂದು ವಾರದ ಮೇಲೆ ಆ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆದೆ. ಬಂದು ಕೂತಳು. ಮೊದಲೆಲ್ಲ ಪ್ರಶ್ನೆ ಮುಗಿಯುವ ಮುನ್ನವೇ ಕೈಯೆತ್ತುತ್ತಿದ್ದವಳು, ಆ ವರ್ಷ ಮತ್ತೆ ಕೈಯೆತ್ತಲಿಲ್ಲ.