ಬಣ್ಣ ಅರೆದವನ ಹೆಸರು

ಪಶ್ಚಿಮದ ಚಿತ್ರಕಲೆ ನಮಗ್ಯಾಕೆ, ಅದು ರಾಜರದ್ದು, ಪೋಪುಗಳದ್ದು, ಹೊಟ್ಟೆ ತುಂಬಿದವರದ್ದು ಅಂತ ಗೆಳೆಯರು ಕೇಳ್ತಾರೆ. ನಿಜ, ಅವರದ್ದೇ. ಶತಮಾನಗಳ ಕಾಲ ಚಿತ್ರ ಬರೆಸಿದ್ದು ಚರ್ಚು, ಅರಮನೆ, ಮತ್ತೆ ಫ್ಲಾರೆನ್ಸಿನ ಮೆದಿಚಿಯಂಥ ಲೇವಾದೇವಿ ಮನೆತನಗಳು. ದುಡ್ಡು ಕೊಟ್ಟ ಸಾಹುಕಾರ ಮೇರಿಯ ಪಕ್ಕದಲ್ಲೇ ತಾನೂ ಮಂಡಿಯೂರಿ ಕೂತ ಹಾಗೆ ಬರೆಸಿಕೊಂಡ. ಅದಕ್ಕೇ ಅದನ್ನ ಓದಬೇಕು ಅಂತೀವಿ ನಾವು. ಆಹಾ ಎಂಥ ಬೆಳಕು, ಎಂಥ ರೇಖೆ ಅಂತ ಬಾಯಿ ಬಿಟ್ಟುಕೊಂಡಲ್ಲ.

ಹುವಾನ್ ದೆ ಪಾರೆಹಾನನ್ನ ನೋಡಿ. ಸ್ಪೇನಿನ ದೊರೆ ನಾಲ್ಕನೇ ಫಿಲಿಪನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್. ಪಾರೆಹಾ ಅವನ ಗುಲಾಮ. ಬಣ್ಣ ಅರೆಯೋದು, ಕ್ಯಾನ್ವಾಸು ಹದ ಮಾಡೋದು ಅವನ ಕೆಲಸವಾಗಿತ್ತು, ಕುಂಚ ಮುಟ್ಟೋ ಹಾಗಿರಲಿಲ್ಲ, ಕದ್ದು ಕಲಿತ ಅಂತ 1724ರಲ್ಲೇ ಪಲೊಮಿನೊ ಬರೆದಿದ್ದಾನೆ. ಕದ್ದು ಕಲಿಯೋದು ಅಂದರೇನು ಅಂತ ನಮ್ಮೋರಿಗೆ ಬಿಡಿಸಿ ಹೇಳಬೇಕಿಲ್ಲ.

1650ರಲ್ಲಿ, ರೋಮಿನಲ್ಲಿ, ಧಣಿ ತನ್ನ ಗುಲಾಮನ ಚಿತ್ರ ಬರೆದ. ಕಂದು ಮುಖ, ಬಿಳಿ ಲೇಸಿನ ಕೊರಳಪಟ್ಟಿ, ನೋಡುವವರನ್ನೇ ನೆಟ್ಟು ನೋಡುವ ಕಣ್ಣು. ಆ ಕಣ್ಣಲ್ಲಿ ದೈನ್ಯ ಇಲ್ಲ. ಮಾರ್ಚಿಯಲ್ಲಿ ಪ್ಯಾಂಥಿಯನ್ನಿನಲ್ಲಿ ಅದನ್ನ ತೂಗುಹಾಕಿದಾಗ ಜನ ಹೊಗಳಿದರು. ಹೊಗಳಿದ್ದು ಯಾರನ್ನ? ವೆಲಾಸ್ಕೆಸ್‌ನನ್ನ. ಆವತ್ತೂ ಪಾರೆಹಾ ಗುಲಾಮನೇ. ಬಿಡುಗಡೆ ಪತ್ರ ಆಗಿದ್ದು ಅದೇ ವರ್ಷ ನವೆಂಬರಿನಲ್ಲಿ. ಅದರಲ್ಲೂ ಇನ್ನೂ ನಾಲ್ಕು ವರ್ಷ ದುಡಿಯಬೇಕು ಅಂತ ಷರತ್ತು! 1970ರಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ಚಿತ್ರ 23 ಲಕ್ಷ ಪೌಂಡಿಗೂ ಮೇಲೆ ಹೋಯಿತು. 1971ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು.

ಬಿಡುಗಡೆಯಾದವನು ಏನು ಮಾಡಿದ? ತಾನೇ ಕುಂಚ ಹಿಡಿದ. ಏಸು ಸಂತ ಮತ್ತಾಯನನ್ನು ಕರೆಯುವ ಚಿತ್ರವನ್ನ 1661ರಲ್ಲಿ ಬರೆದ, ಮ್ಯಾಡ್ರಿಡ್ಡಿನ ಪ್ರಾದೊದಲ್ಲಿದೆ. ಅದರ ಎಡತುದಿಯಲ್ಲಿ ಅವನೇ ನಿಂತಿದ್ದಾನೆ. ಕೈಯಲ್ಲಿ ಒಂದು ಚೀಟಿ, ಚೀಟಿಯಲ್ಲಿ ಅವನ ಹೆಸರು. ಧಣಿ ಬರೆದ ಚಿತ್ರಕ್ಕಿಂತ ಈ ಚೀಟಿ ದೊಡ್ಡದು ಅಂತ ನಮಗನ್ನಿಸುತ್ತೆ. ವೆಲಾಸ್ಕೆಸ್‌ನ ಮಟ್ಟ ಇದರಲ್ಲಿಲ್ಲ ಅಂತ ಪಂಡಿತರು ಅನ್ನಬಹುದು. ಇರಲಿ. ನಮ್ಮ ಪದ್ಯಗಳನ್ನೂ ಅದೇ ತಕ್ಕಡಿಯಲ್ಲಿ ತೂಗ್ತಾರೆ. ತಕ್ಕಡಿ ಹಿಡಿದವರು ಯಾರು ಅಂತ ಮೊದಲು ಕೇಳೋಣ.

ಪಾರೆಹಾನ ಮುಖವನ್ನ 1971ರಲ್ಲೇ ಕೊಂಡುಕೊಂಡ ಆ ಮ್ಯೂಸಿಯಂ, ಅವನು ಸ್ವಂತ ಬರೆದ ಚಿತ್ರಗಳನ್ನ ತರಿಸಿ ಅವನ ಹೆಸರಲ್ಲೇ ಪ್ರದರ್ಶನ ಮಾಡಿದ್ದು 2023ರಲ್ಲಿ.