ಬಡ್ತಿ ಬೇಡವೆಂದವರ ಪರವಾಗಿ

ಬ್ಯಾಂಕಿನ ಕೌಂಟರಿನಲ್ಲೇ ತಲೆ ಹಣ್ಣಾದವರನ್ನು ಕಂಡರೆ ನಮ್ಮ ಕಡೆ ಒಂದು ಮಾತು ಸಲೀಸಾಗಿ ಬರುತ್ತದೆ: "ಅವರಿಗೆ ಮುಂದೆ ಬರುವ ಆಸೆಯೇ ಇಲ್ಲ." ಈ ಮಾತನ್ನು ನಾನೂ ಆಡಿದ್ದೇನೆ. ಅದು ಸುಳ್ಳು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಾಸ್ತಾನದ ನಮ್ಮ ಚಿಕ್ಕಮ್ಮ ದೊಡ್ಡ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಮೂವತ್ತೊಂದು ವರ್ಷದ ಬಳಿಕ ಗುಮಾಸ್ತೆಯಾಗಿಯೇ ನಿವೃತ್ತರಾದರು. ಅವರಿಂದ ಕೆಲಸ ಕಲಿತ ಹುಡುಗರು ಅವರಿಗೇ ಮ್ಯಾನೇಜರಾಗಿ ಬಂದರು. ಎಂ.ಎ. ಓದುವಾಗ ರಜೆಗೆ ಊರಿಗೆ ಬಂದಿದ್ದ ನಾನು, "ಚಿಕ್ಕಿ, ಪ್ರಮೋಶನ್ ತಕಂಬು ಆಸೆಯೇ ಇಲ್ಯಾ ನಿಮ್ಗೆ?" ಎಂದು ಕೇಳಿದ್ದೆ. ಬಸಳೆ ಹೆಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು: "ಆಸೆ ಇತ್ತ್ ಮಗಾ. ನಾ ಹ್ವಾರೆ ಅತ್ತಿನ್ ಕಾಂಬುದ್ ಯಾರ್?"

ಸಾರ್ವಜನಿಕ ಬ್ಯಾಂಕುಗಳಲ್ಲಿ ಗುಮಾಸ್ತರ ನೇಮಕ ರಾಜ್ಯವಾರು ನಡೆಯುತ್ತದೆ. ಅಧಿಕಾರಿಯಾದ ದಿನದಿಂದ ದೇಶದ ಯಾವ ಮೂಲೆಗೂ ವರ್ಗವಾಗಬಹುದು. ಹಾಗಾಗಿ ಬಡ್ತಿಯ ಅರ್ಜಿಯಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಹೆಚ್ಚಿನ ಹೊಣೆ ಹೊರುತ್ತೀರಾ ಎನ್ನುವುದು ಒಂದು. ಮನೆ ಬಿಡುತ್ತೀರಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಇಲ್ಲ ಎಂದವರನ್ನು ಮೊದಲನೆಯದಕ್ಕೂ ಇಲ್ಲ ಎಂದವರಂತೆ ಲೆಕ್ಕ ಹಿಡಿಯಲಾಗುತ್ತದೆ. ವೇತನ ಶ್ರೇಣಿಯ ತುದಿ ಮುಟ್ಟಿದವರಿಗೆ ಆಮೇಲೆ ಸಿಗುವ ಹೆಚ್ಚಳಕ್ಕೆ 'ಸ್ಟ್ಯಾಗ್ನೇಷನ್ ಇನ್‌ಕ್ರಿಮೆಂಟ್' ಎಂದು ಹೆಸರು. ಅಂದರೆ ನಿಂತ ನೀರಿಗೊಂದು ಭತ್ಯೆ. ಸವಲತ್ತು ಬೇಕಾದದ್ದೇ, ತಕರಾರಿಲ್ಲ. ಆದರೆ ನಿಂತವರು ಇದ್ದಾರೆಂದು ಗೊತ್ತಿದ್ದೂ, ಯಾಕೆ ನಿಂತರೆಂದು ಕೇಳದ ವ್ಯವಸ್ಥೆಯ ಬಗ್ಗೆ ನನಗೆ ತಕರಾರಿದೆ.

ವರ್ಗಾವಣೆ ಇಲ್ಲದಿದ್ದರೆ ಸ್ವಜನಪಕ್ಷಪಾತ ಬೆಳೆಯುತ್ತದೆ, ಭ್ರಷ್ಟಾಚಾರಕ್ಕೆ ದಾರಿಯಾಗುತ್ತದೆ ಎನ್ನುತ್ತಾರೆ. ಒಪ್ಪುತ್ತೇನೆ. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಒಬ್ಬರೇ ಹತ್ತು ವರ್ಷ ಕೂರಬಾರದು. ಅದಕ್ಕೆ ಸಾಸ್ತಾನದಿಂದ ಬೈಂದೂರಿಗೋ ಕಾರ್ಕಳಕ್ಕೋ ಕಳಿಸಿದರೆ ಸಾಲದೇ? ಕುರ್ಚಿ ಬದಲಿಸಲು ರಾಜ್ಯವನ್ನೇ ಬದಲಿಸಬೇಕೇ?

ಈ ಪ್ರಶ್ನೆ ಕೇಳುವ ಹಕ್ಕು ನಮ್ಮ ಜಿಲ್ಲೆಗಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಯೋಜನೆ ತಂದು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಊರಿನ ಮುಖಗಳ ಪರಿಚಯವೇ ಅದರ ಬಂಡವಾಳವಾಗಿತ್ತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ರಾಷ್ಟ್ರೀಕರಣಗೊಂಡ ನಾಲ್ಕು ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ವಿಲೀನವಾದವು. ಉಳಿದ ಹೆಸರು ಕೆನರಾ ಒಂದೇ. ಮಣಿಪಾಲ ಮತ್ತು ಮಂಗಳೂರಿನ ಎರಡು ಪ್ರಧಾನ ಕಚೇರಿಗಳು ಇಲ್ಲವಾದವು. ಮನೆಯ ಹತ್ತಿರವೇ ಮೇಲೇರುವ ಅವಕಾಶ ಅಷ್ಟರಮಟ್ಟಿಗೆ ಕುಗ್ಗಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಮ್ಮವರನ್ನೂ ಬಿಡಲಾರೆ. ಪಕ್ಕದ ಕೋಟದ ಕಾರಂತರ 'ಮರಳಿ ಮಣ್ಣಿಗೆ' ಕುರಿತು ಮಾತಾಡುವಾಗ ನಾವು ಮದರಾಸಿಗೆ ಹೋಗಿ ಊರಿಗೆ ಮರಳುವ ರಾಮನ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಅವನಿಗೆ ಮರಳಲು ಒಂದು ಮನೆ ಉಳಿದಿತ್ತಲ್ಲ, ಅದನ್ನು ಉಳಿಸಿದ್ದು ಸರಸೋತಿ, ನಾಗವೇಣಿಯರ ದುಡಿಮೆ. ಹೋದವರ ಕತೆ ನಮಗೆ ಸಾಧನೆಯಾಗಿ ಕಾಣುತ್ತದೆ. ಉಳಿದವರದ್ದು ತ್ಯಾಗವಾಗುತ್ತದೆ. ತ್ಯಾಗ ಎಂದು ಹೊಗಳಿದರೆ ಸಂಬಳ ಕೊಡಬೇಕಾಗಿಲ್ಲ.

ಚಿಕ್ಕಮ್ಮನ ಆ ಅತ್ತೆ ಎಂದರೆ ನನ್ನ ಅಜ್ಜಿ. ಹಿರಿಯ ಮಗನಾದ ನನ್ನ ಅಪ್ಪ ಆ ಹೊತ್ತಿಗೆ ಮುಂಬೈಯ ಕಂಪನಿಯೊಂದರಲ್ಲಿ ಎರಡನೆಯ ಬಡ್ತಿ ಪಡೆದಿದ್ದರು. ಅಜ್ಜಿಯನ್ನು ನೋಡಿಕೊಳ್ಳುವವರು ಯಾರು ಎಂದು ಅವರನ್ನು ಯಾವ ಸಂದರ್ಶನದಲ್ಲೂ ಕೇಳಿರಲಿಕ್ಕಿಲ್ಲ. ಅವರ ದುಡ್ಡಿನಿಂದ ನಾನು ಓದಿದೆ. ಓದಿದವನೇ ಬಂದು ಚಿಕ್ಕಮ್ಮನಿಗೆ ಆಸೆಯ ಪಾಠ ಹೇಳಿದೆ.

ಆದ್ದರಿಂದ ಕೇಳುವುದಿಷ್ಟೇ: ಬಡ್ತಿಯನ್ನೂ ದೂರದ ವರ್ಗಾವಣೆಯನ್ನೂ ಬೇರ್ಪಡಿಸಿ. ಜಿಲ್ಲೆಯೊಳಗೇ ಏರಬಹುದಾದ ಹುದ್ದೆಗಳಿರಲಿ. ಯಾವ ದೋಣಿಯವನು ಯಾವ ತಿಂಗಳು ಕಂತು ಕಟ್ಟಬಲ್ಲ ಎಂದು ಬಲ್ಲವರ ಅನುಭವಕ್ಕೂ ಒಂದು ದರ್ಜೆ ಇರಲಿ. ಅಲ್ಲಿಯವರೆಗೆ, ಅವರಿಗೆ ಆಸೆಯಿಲ್ಲ ಎನ್ನುವ ಮಾತನ್ನಾದರೂ ನಿಲ್ಲಿಸೋಣ.